ಸರ್ಕಾರಿ ವೆಬ್‌ಸೈಟ್ ಎಲ್ಲರಿಗೂ ದಕ್ಕಬೇಕೆಂದರೆ: ಫೈಲು ಹಾಕುವ ಮೇಜಿನವರಿಗೆ ಒಂದಿಷ್ಟು ಮಾತು

ಇಲಾಖೆಯ ವೆಬ್‌ಸೈಟಿಗೆ ಆದೇಶ, ಸುತ್ತೋಲೆ, ಅರ್ಜಿ ನಮೂನೆ ಹಾಕುವ ಕೆಲಸ ನಿಮ್ಮ ಮೇಜಿಗೆ ಬಂದಿದೆಯಾ? ಹಾಗಾದರೆ ಇದು ನಿಮಗೇ ಬರೆದದ್ದು. ನೀವು ಎಫ್‌ಡಿಎ ಇರಬಹುದು, ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್ ಇರಬಹುದು. ಸೈಟು ಕಟ್ಟಿದ್ದು ಯಾವುದೋ ಕಂಪನಿ, ನನ್ನ ಕೈಯಲ್ಲಿ ಏನಿದೆ ಅನ್ನಬೇಡಿ. ನನ್ನಂಥವರಿಗೆ ಆ ಸೈಟು ಉಪಯೋಗಕ್ಕೆ ಬರುತ್ತೋ ಇಲ್ಲವೋ ಅನ್ನುವುದು ಬಹುಪಾಲು ನೀವು ದಿನಾ ಹಾಕುವ ಫೈಲಿನಲ್ಲೇ ತೀರ್ಮಾನವಾಗುತ್ತದೆ.

ನನಗೆ ಕಣ್ಣು ಕಾಣುವುದಿಲ್ಲ. ಶಿವಮೊಗ್ಗದಲ್ಲಿ ಸರ್ಕಾರಿ ನೌಕರಿ. ಮೊದಲು ಟೆಲಿಫೋನ್ ಬೋರ್ಡಿನಲ್ಲಿದ್ದೆ, ಈಗ ಟಪಾಲು ಶಾಖೆಯಲ್ಲಿದ್ದೇನೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಬಳಸುತ್ತೇನೆ. ಎರಡೂ ತೆರೆಯ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶಗಳು, ಸ್ಕ್ರೀನ್ ರೀಡರ್ ಅನ್ನುತ್ತಾರೆ. ಅಕ್ಕಪಕ್ಕದ ಕಚೇರಿಗಳವರು ತಮ್ಮ ಸೈಟು ಸರಿ ಇದೆಯಾ ಎಂದು ನನ್ನನ್ನು ಕೇಳುತ್ತಿರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಇಡೀ ಸೈಟಿಗೆ ಕೈ ಹಾಕಬೇಡಿ

ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ನಿಮ್ಮ ಕೌಂಟರಿಗೆ ಜನ ಯಾವುದಕ್ಕೆ ಜಾಸ್ತಿ ಬರುತ್ತಾರೆ? ಪಿಂಚಣಿ ಎಲ್ಲಿಗೆ ಬಂತು ಎಂದು ನೋಡುವುದಾ, ಬಸ್ ಪಾಸಿಗೆ ಅರ್ಜಿ ಹಾಕುವುದಾ, ಆದಾಯ ಪ್ರಮಾಣಪತ್ರವಾ? ಅದನ್ನು ಮುಖಪುಟದಿಂದ ಹಿಡಿದು ಕೊನೆಯ ರಸೀದಿ ಡೌನ್‌ಲೋಡ್ ಆಗುವವರೆಗೆ ಸರಿಮಾಡಿ. ಮುಖಪುಟ ಮಾತ್ರ ಚೆನ್ನಾಗಿದ್ದು ಅರ್ಜಿಯ ಮೂರನೇ ಪುಟದಲ್ಲಿ ಸಿಕ್ಕಿಹಾಕಿಕೊಂಡರೆ ನನಗೆ ಏನೂ ಸಿಕ್ಕಂತಾಗಲಿಲ್ಲ. ಮತ್ತೆ ಯಾರನ್ನೋ ಜೊತೆಗೆ ಕರೆದುಕೊಂಡು, ಆಟೋ ಹಿಡಿದು, ನಿಮ್ಮ ಕೌಂಟರಿಗೇ ಬರಬೇಕು.

ಮೊದಲ ಪರೀಕ್ಷೆಗೆ ಯಾವ ತಂತ್ರಾಂಶವೂ ಬೇಡ. ಮೌಸ್ ಕಿತ್ತು ಡ್ರಾಯರಿನೊಳಗೆ ಇಡಿ. ಬರೀ ಕೀಬೋರ್ಡಿನಲ್ಲಿ ಆ ಕೆಲಸ ಮುಗಿಸಿ. ಟ್ಯಾಬ್ ಒತ್ತಿದರೆ ಮುಂದೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದೆ. ಲಿಂಕಿಗೆ ಎಂಟರ್, ಟಿಕ್ ಹಾಕಲು ಸ್ಪೇಸ್, ಪಟ್ಟಿಯೊಳಗೆ ಬಾಣದ ಕೀಲಿ, ಮೇಲೆ ಬಂದ ಕಿಟಕಿ ಮುಚ್ಚಲು ಎಸ್ಕೇಪ್. ಒತ್ತುತ್ತಾ ಹೋದಂತೆ ಈಗ ಎಲ್ಲಿದ್ದೇನೆ ಎಂದು ಒಂದು ಚೌಕಟ್ಟು ತೋರಿಸಬೇಕು. ಎಷ್ಟೋ ಸೈಟುಗಳಲ್ಲಿ ಡಿಸೈನರ್ ಆ ಗೆರೆ ಚೆಂದ ಕಾಣಲ್ಲ ಎಂದು ತೆಗೆದುಹಾಕಿರುತ್ತಾನೆ. ಕೈ ನಡುಗುವವರು, ಪೋಲಿಯೊದಿಂದ ಒಂದು ಕೈ ಸೋತವರು, ಮೌಸ್ ಹಿಡಿಯಲಾಗದ ಎಷ್ಟೋ ಜನ ಕೀಬೋರ್ಡನ್ನೇ ನಂಬಿದ್ದಾರೆ. ಅವರಿಗೆ ಕಣ್ಣು ಕಾಣುತ್ತದೆ, ಆ ಗೆರೆ ಅವರಿಗೆ ಬೇಕೇ ಬೇಕು.

ಪುಟದ ಮೇಲ್ತುದಿಯಲ್ಲಿ 'ಮುಖ್ಯ ವಿಷಯಕ್ಕೆ ಹೋಗಿ' ಎಂಬ ಲಿಂಕ್ ಇರಬೇಕು, ಒತ್ತಿದರೆ ಕೆಲಸವೂ ಮಾಡಬೇಕು. ಇಲ್ಲದಿದ್ದರೆ ಪ್ರತಿ ಪುಟದಲ್ಲೂ ಇಡೀ ಮೆನು ದಾಟಿಯೇ ವಿಷಯಕ್ಕೆ ಬರಬೇಕಾಗುತ್ತದೆ.

ಈಗ ಕಿವಿಗೊಟ್ಟು ಕೇಳಿ

ಎನ್‌ವಿಡಿಎ ಉಚಿತ. ವಿಂಡೋಸ್‌ಗಾಗಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಯುವಕ 2006ರಲ್ಲಿ ಶುರುಮಾಡಿದ ಕೆಲಸ ಇದು. ಆತನಿಗೂ ಕಣ್ಣು ಕಾಣುವುದಿಲ್ಲ. ಇದರೊಳಗೆ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಂತ್ರದಂತೆಯೇ ಇದೆ, ಮೊದಲ ವಾರ ತಲೆನೋವು ಬರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಹಾಕಿಕೊಂಡ ಮೇಲೆ ಎನ್‌ವಿಡಿಎ ಮೆನುವಿನ ಟೂಲ್ಸ್ ಒಳಗೆ ಸ್ಪೀಚ್ ವ್ಯೂವರ್ ತೆರೆಯಿರಿ. ದನಿ ಹೇಳುವುದೆಲ್ಲ ಅಕ್ಷರದಲ್ಲೂ ಕಾಣುತ್ತದೆ. ಕಣ್ಣು ಕಾಣುವವರಿಗೆ ಇದರಿಂದ ಬಹಳ ಸಲೀಸು. ದನಿ ನಿಲ್ಲಿಸಲು ಕಂಟ್ರೋಲ್. ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ, ಎಫ್ ಒತ್ತಿದರೆ ಅರ್ಜಿಯ ಒಂದು ಖಾನೆಯಿಂದ ಇನ್ನೊಂದಕ್ಕೆ, ಟಿ ಒತ್ತಿದರೆ ಕೋಷ್ಟಕಕ್ಕೆ ಹಾರುತ್ತದೆ. ಇನ್ಸರ್ಟ್ ಹಿಡಿದು ಎಫ್7 ಒತ್ತಿದರೆ ಪುಟದ ಲಿಂಕುಗಳೆಲ್ಲ ಒಂದು ಪಟ್ಟಿಯಾಗಿ ಬರುತ್ತವೆ.

ಆ ಪಟ್ಟಿಯನ್ನು ನಿಮ್ಮ ಸೈಟಿನಲ್ಲಿ ಒಮ್ಮೆ ತೆಗೆದು ನೋಡಿ. ಸುತ್ತೋಲೆಗಳ ಪುಟದಲ್ಲಿ 'ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಡೌನ್‌ಲೋಡ್, ಡೌನ್‌ಲೋಡ್, ಡೌನ್‌ಲೋಡ್' ಎಂದು ಸಾಲುಗಟ್ಟಿರುತ್ತವೆ. ಯಾವುದು ಯಾವುದರ ಡೌನ್‌ಲೋಡ್? ಲಿಂಕಿನಲ್ಲೇ ವಿಷಯ ಬರೆಯಿರಿ: 'ಅಂಗವಿಕಲರ ಬಸ್ ಪಾಸ್ ನವೀಕರಣ ಸುತ್ತೋಲೆ, ಪಿಡಿಎಫ್, 2 ಪುಟ'. ಇದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ. ಮಧ್ಯಾಹ್ನದೊಳಗೆ ಮುಗಿಯುವ ಕೆಲಸ.

ನುಡಿ, ಬರಹ ಮತ್ತು ನಮ್ಮ ಕನ್ನಡದ ತಾಪತ್ರಯ

ಇದು ಬೇರೆ ದೇಶದ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. ನಮ್ಮ ಮನೆಯ ತೊಂದರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಚೇರಿಗಳಲ್ಲಿ ವರ್ಷಗಟ್ಟಲೆ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೇವೆ. 'ನುಡಿ 01 ಇ' ನಿಮಗೆ ಗೊತ್ತೇ ಇರುತ್ತದೆ. ಆ ಫಾಂಟಿನಲ್ಲಿ 'ಕನ್ನಡ' ಎಂದು ಹೊಡೆದರೆ ತೆರೆಯ ಮೇಲೆ ಕನ್ನಡವೇ ಕಾಣುತ್ತದೆ. ಆದರೆ ಕಂಪ್ಯೂಟರಿನ ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಕ್ಯೂ, ಇಂಥವು. ಫಾಂಟು ಅವಕ್ಕೆ ಕನ್ನಡದ ಆಕಾರ ತೊಡಿಸಿದೆ ಅಷ್ಟೇ. ಸ್ಕ್ರೀನ್ ರೀಡರಿಗೆ ಆಕಾರ ಗೊತ್ತಿಲ್ಲ. ಅದು ಒಳಗಿರುವುದನ್ನು ಓದುತ್ತದೆ. ಇಡೀ ಸರ್ಕಾರಿ ಆದೇಶ ನನ್ನ ಕಿವಿಗೆ 'ಪಿ ಎ ಪೌಂಡ್ ಎ' ಎಂದು ಬರುತ್ತದೆ.

ನಮ್ಮ ಕಚೇರಿಯ ಆಪರೇಟರ್ ಹುಡುಗ ಮೊದಲ ಸಲ ವಾದಕ್ಕೆ ನಿಂತಿದ್ದ. 'ಮೇಡಂ, ಸರಿಯಾಗೇ ಕಾಣ್ತಿದೆಯಲ್ಲ?' 'ಕಾಣುತ್ತೆ ಮಾರಾಯ, ನಿನಗೆ' ಅಂದೆ. ಹೆಡ್‌ಫೋನ್ ಅವನ ಕಿವಿಗೆ ಹಾಕಿದೆ. ಅವತ್ತಿಂದ ಯುನಿಕೋಡಿನಲ್ಲೇ ಹೊಡೆಯುತ್ತಿದ್ದಾನೆ. ಯುನಿಕೋಡ್ ಎಂದರೆ ಕಂಪ್ಯೂಟರಿನ ಒಳಗೂ ಕನ್ನಡ ಅಕ್ಷರವೇ ಕೂರುವ ಪದ್ಧತಿ.

ನಿಮ್ಮದು ಯಾವುದೆಂದು ತಿಳಿಯುವುದು ಸುಲಭ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪಿನಲ್ಲೋ ನೋಟ್‌ಪ್ಯಾಡಿನಲ್ಲೋ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಗೀಜುಗೀಜಾದ ಇಂಗ್ಲಿಷ್ ಬಂದರೆ ಹಳೆಯ ಫಾಂಟು. ಸಾಹೇಬರನ್ನು ಒಪ್ಪಿಸಬೇಕಿದ್ದರೆ ಇನ್ನೊಂದು ಮಾತು ಸೇರಿಸಿ: ಹಳೆಯ ಫಾಂಟಿನ ಆದೇಶ ಕನ್ನಡದಲ್ಲಿ ಹುಡುಕಿದರೆ ಗೂಗಲಿನಲ್ಲೂ ಸಿಗುವುದಿಲ್ಲ. ಅಂಗವಿಕಲರ ವಿಷಯಕ್ಕೆ ಸುಮ್ನೆ ತಲೆಯಾಡಿಸುವ ಅಧಿಕಾರಿಗಳೂ ಈ ಮಾತಿಗೆ ನೆಟ್ಟಗೆ ಕೂರುತ್ತಾರೆ.

ಈಗಿನ ನುಡಿ, ಬರಹ ಎರಡರಲ್ಲೂ ಯುನಿಕೋಡ್ ಟೈಪಿಂಗ್ ಇದೆ. ಕೀಲಿಮಣೆ ವಿನ್ಯಾಸ ಹಳೆಯದೇ ಇಟ್ಟುಕೊಳ್ಳಬಹುದು, ಬೆರಳಿಗೆ ಹೊಸ ಪಾಠ ಬೇಡ. ಫಾಂಟು ಮಾತ್ರ ತುಂಗಾ, ನಿರ್ಮಲಾ ಯುಐ, ನೋಟೊ ಸಾನ್ಸ್ ಕನ್ನಡ ಅಥವಾ ನುಡಿಯ ಯುನಿಕೋಡ್ ಫಾಂಟು ಆರಿಸಿ. ಹಳೆಯ ಫೈಲುಗಳಿಗೆ ಪರಿವರ್ತಕ ಇದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಅರ್ಕಾವತ್ತು ಇರುವ ಕಡೆ, ಊರು-ಹೆಸರು, ಸರ್ವೆ ನಂಬರು ಇರುವ ಕಡೆ ಒಬ್ಬರು ಕೂತು ಓದಲೇಬೇಕು. ಎಲ್ಲ ಹಳೆಯ ಫೈಲು ಬದಲಿಸುವುದು ಆಗದ ಮಾತು. ಈಗಲೂ ಜಾರಿಯಲ್ಲಿರುವ ಯೋಜನೆಗಳವು ಮೊದಲು, ಉಳಿದದ್ದು ಯಾರಾದರೂ ಕೇಳಿದಾಗ.

ಇದರ ಬೆನ್ನಿಗೇ ಇನ್ನೊಂದು. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್ ಒಳಗೆ, ಅಂದರೆ ಪುಟದ ಹಿಂದಿರುವ ಕೋಡಿನಲ್ಲಿ, ಹೇಳಿರಬೇಕು. 'ಲ್ಯಾಂಗ್' ಎಂಬ ಗುಣದಲ್ಲಿ ಕನ್ನಡಕ್ಕೆ 'ಕೆ-ಎನ್' ಎಂಬ ಎರಡಕ್ಷರ ಇಂಗ್ಲಿಷಿನಲ್ಲಿ ಬರಬೇಕು. ಎಷ್ಟೋ ಕನ್ನಡ ಪುಟಗಳಲ್ಲಿ ಅಲ್ಲಿ ಇಂಗ್ಲಿಷಿನ 'ಇ-ಎನ್' ಇರುತ್ತದೆ, ಟೆಂಪ್ಲೇಟ್ ಜೊತೆ ಬಂದದ್ದನ್ನು ಯಾರೂ ಮುಟ್ಟಿರುವುದಿಲ್ಲ. ಆಗ ಇಂಗ್ಲಿಷ್ ದನಿ ಕನ್ನಡ ಓದಲು ಹೊರಟು ಒಂದೋ ಸುಮ್ಮನಾಗುತ್ತದೆ, ಇಲ್ಲ ಏನೇನೋ ಗೊಣಗುತ್ತದೆ. ಡೆವಲಪರಿಗೆ ಒಂದು ನಿಮಿಷದ ಕೆಲಸ. ಫೋನ್ ಮಾಡಿ ಹೇಳಿ.

ಸೀಲು ಹೊಡೆದ ಪಿಡಿಎಫ್

ಆದೇಶ ಹುಟ್ಟುವ ದಾರಿ ನಮಗೆಲ್ಲ ಗೊತ್ತು. ವರ್ಡಿನಲ್ಲಿ ಟೈಪ್, ಪ್ರಿಂಟ್, ಸಹಿ, ಸೀಲು, ಸ್ಕ್ಯಾನ್, ಅಪ್‌ಲೋಡ್. ಆ ಸ್ಕ್ಯಾನ್ ಎಂದರೆ ಕಾಗದದ ಫೋಟೊ. ಅದರಲ್ಲಿ ನನಗೆ ಒಂದು ಅಕ್ಷರವೂ ಇಲ್ಲ. ಎನ್‌ವಿಡಿಎ 'ಖಾಲಿ ದಾಖಲೆ' ಎನ್ನುತ್ತದೆ. ವಿಪರ್ಯಾಸ ನೋಡಿ, ಅಂಗವಿಕಲರ ಮೀಸಲಾತಿಯ ಆದೇಶವನ್ನೇ ನಾನು ಪಕ್ಕದ ಮೇಜಿನವರಿಂದ ಓದಿಸಿಕೊಂಡಿದ್ದೇನೆ.

ಸಹಿ ಇಲ್ಲದ ಪ್ರತಿ ಹಾಕುವುದು ಹೇಗೆ ಎಂದು ಕೇಳುತ್ತಾರೆ. ನಾನು ಸ್ಕ್ಯಾನ್ ತೆಗೆಯಿರಿ ಎನ್ನುತ್ತಿಲ್ಲ. ಅದರ ಪಕ್ಕದಲ್ಲೇ ಅದೇ ಪಠ್ಯವನ್ನು ವೆಬ್ ಪುಟವಾಗಿ ಹಾಕಿ. ವರ್ಡ್ ಫೈಲು ನಿಮ್ಮ ಹತ್ತಿರವೇ ಇರುತ್ತದೆ ಅಲ್ವಾ? ಮೇಲೆ ಒಂದು ಸಾಲು: 'ಇದು ಇಂಥ ಸಂಖ್ಯೆಯ, ಇಂಥ ದಿನಾಂಕದ ಆದೇಶದ ಪಠ್ಯ, ಸಹಿಯಿರುವ ಪ್ರತಿ ಇಲ್ಲಿದೆ'. ಡಿಜಿಟಲ್ ಸಹಿ ಬಳಸುವ ಕಚೇರಿಯಾದರೆ ಸ್ಕ್ಯಾನಿನ ಗೊಡವೆಯೇ ಇಲ್ಲ.

ವೆಬ್ ಪುಟವೇ ಯಾಕೆ, ವರ್ಡಿನಿಂದ ಪಿಡಿಎಫ್ ಮಾಡಿದರೆ ಸಾಲದೇ? ಇಂಗ್ಲಿಷಿಗಾದರೆ ಸಾಕು. ಕನ್ನಡ ಯುನಿಕೋಡಿನಲ್ಲಿದ್ದರೂ ಪಿಡಿಎಫ್ ಆದ ಮೇಲೆ ಆಗಾಗ ಕಲಸಿಹೋಗುತ್ತದೆ. ಪಿಡಿಎಫ್ ಒಳಗೆ ಮುಖ್ಯವಾಗಿ ಉಳಿಯುವುದು ಅಕ್ಷರದ ಆಕಾರಗಳು. ಅವನ್ನು ಮತ್ತೆ ಅಕ್ಷರಗಳಾಗಿ ಜೋಡಿಸುವಾಗ ಒತ್ತಕ್ಷರ, ಗುಣಿತದ ಹತ್ತಿರ ಹಿಂದುಮುಂದಾಗುತ್ತದೆ. ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ, ಕಿವಿಗೆ ಬೇರೆ. ಆದ್ದರಿಂದ ನನ್ನ ಆಯ್ಕೆ ಯಾವಾಗಲೂ ವೆಬ್ ಪುಟ. ಫೋನಿನಲ್ಲಿ ನೋಡುವ ಎಲ್ಲರಿಗೂ ಅದೇ ಅನುಕೂಲ, ಬೆರಳಲ್ಲಿ ಹಿಗ್ಗಿಸಿ ಎಳೆದಾಡಬೇಕಿಲ್ಲ.

ಪಿಡಿಎಫ್ ಮಾಡಲೇಬೇಕಾದರೆ ವರ್ಡಿನಲ್ಲೇ ಶಿಸ್ತು ಇರಲಿ. ತಲೆಬರಹಕ್ಕೆ ಅಕ್ಷರ ದಪ್ಪ ಮಾಡಿ ಬಿಡಬೇಡಿ, ಹೆಡಿಂಗ್ 1, ಹೆಡಿಂಗ್ 2 ಎಂಬ ಸ್ಟೈಲ್ ಬಳಸಿ. ಎಚ್ ಒತ್ತಿದಾಗ ಸಿಗುವುದು ಆ ಸ್ಟೈಲ್ ಇರುವ ತಲೆಬರಹ ಮಾತ್ರ. ಕೋಷ್ಟಕವನ್ನು ಟ್ಯಾಬ್, ಸ್ಪೇಸ್ ಒತ್ತಿ ಜೋಡಿಸದೆ ಟೇಬಲ್ ಆಗಿಯೇ ಹಾಕಿ, ಮೊದಲ ಸಾಲು ಶೀರ್ಷಿಕೆ ಎಂದು ಗುರುತಿಸಿ. ಆಗ ಫಲಾನುಭವಿಗಳ ಪಟ್ಟಿಯಲ್ಲಿ ನಾನು ಎಲ್ಲೇ ನಿಂತರೂ 'ಗ್ರಾಮ: ಇಂಥದ್ದು, ಮಂಜೂರಾದ ಮೊತ್ತ: ಇಷ್ಟು' ಎಂದು ಕೇಳಿಸುತ್ತದೆ. ಇಲ್ಲದಿದ್ದರೆ ಬರೀ ಅಂಕಿಗಳ ಮಳೆ. ಕೊನೆಗೆ 'ಸೇವ್ ಆ್ಯಸ್' ಮೂಲಕವೇ ಪಿಡಿಎಫ್ ಮಾಡಿ. 'ಪ್ರಿಂಟ್ ಟು ಪಿಡಿಎಫ್' ಕೊಟ್ಟರೆ ಮಾಡಿದ ಶಿಸ್ತೆಲ್ಲ ಉದುರಿಹೋಗುತ್ತದೆ.

ವರ್ಡ್ ಫೈಲೇ ಕಳೆದುಹೋದ ಹಳೆಯ ಸ್ಕ್ಯಾನುಗಳಿಗೆ ಒಸಿಆರ್ ಇದೆ, ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ತಂತ್ರಾಂಶ. ಉಚಿತವಾದ ಟೆಸೆರಾಕ್ಟ್ ಕನ್ನಡ ಓದುತ್ತದೆ. ಆದರೆ ಸೀಲು ಬಿದ್ದ ಜಾಗ, ಓರೆಯಾದ ಪುಟದಲ್ಲಿ ಎಡವುತ್ತದೆ. ಕರಡು ತಿದ್ದದೆ ಹಾಕಬೇಡಿ.

ಅರ್ಜಿ ನಮೂನೆ: ಸೋಲುವುದು ಇಲ್ಲೇ

ಓದುವುದು ಹೇಗೋ ಆಗುತ್ತದೆ. ತುಂಬುವುದೇ ಕಷ್ಟ. ಇದನ್ನು ನೀವೇ ಸರಿಮಾಡಲಾರಿರಿ, ಡೆವಲಪರ್ ಬೇಕು. ಆದರೆ ಎಲ್ಲಿ ತಪ್ಪಿದೆ ಎಂದು ಹಿಡಿದುಕೊಡುವವರು ನೀವೇ ಆಗಬೇಕು.

ಎನ್‌ವಿಡಿಎ ಹಾಕಿಕೊಂಡು ಎಫ್ ಒತ್ತುತ್ತಾ ಹೋಗಿ. ಪ್ರತಿ ಖಾನೆಯಲ್ಲೂ ಅದರ ಹೆಸರು ಕೇಳಿಸಬೇಕು: 'ಅರ್ಜಿದಾರರ ಹೆಸರು, ಕಡ್ಡಾಯ'. ಬರೀ 'ಎಡಿಟ್, ಖಾಲಿ' ಎಂದರೆ ಆ ಖಾನೆಗೆ ಲೇಬಲ್ ಜೋಡಿಸಿಲ್ಲ ಎಂದರ್ಥ. ಪಕ್ಕದಲ್ಲಿ ಹೆಸರು ಬರೆದಿದೆಯಲ್ಲ ಎನ್ನುತ್ತಾರೆ. ಬರೆದಿದ್ದರೆ ಸಾಲದು, ಕೋಡಿನಲ್ಲಿ ಖಾನೆಗೂ ಅದಕ್ಕೂ ಗಂಟು ಹಾಕಿರಬೇಕು. ಖಾನೆಯೊಳಗೆ ತೆಳು ಬಣ್ಣದಲ್ಲಿ ಸೂಚನೆ ಬರೆದು ಅದೇ ಲೇಬಲ್ ಎನ್ನುವುದೂ ಬೇಡ. ಟೈಪ್ ಮಾಡಲು ಶುರುಮಾಡಿದೊಡನೆ ಅದು ಮಾಯ. ಮರೆವಿರುವವರಿಗೆ, ಕಲಿಕೆಯ ತೊಂದರೆ ಇರುವವರಿಗೆ ಏನು ತುಂಬಬೇಕಿತ್ತು ಎಂಬುದೇ ಹೋಯಿತು.

ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ. ಈ ನಾಲ್ಕು ಪಟ್ಟಿಗಳಲ್ಲಿ ನಾನು ಕಳೆದ ಹೊತ್ತು ಹೇಳತೀರದು. ಎಷ್ಟೋ ಸೈಟುಗಳಲ್ಲಿ ಜಿಲ್ಲೆ ಆರಿಸಿದ ತಕ್ಷಣ ಪುಟ ಮತ್ತೆ ಲೋಡ್ ಆಗಿ ನನ್ನನ್ನು ಪುಟದ ಮೇಲ್ತುದಿಗೆ ಎತ್ತಿಹಾಕುತ್ತದೆ. ಮತ್ತೆ ಇಡೀ ಮೆನು ದಾಟಿ ಕೆಳಗೆ ಬಂದು ತಾಲ್ಲೂಕು ಆರಿಸಬೇಕು. ಮತ್ತೆ ತುದಿಗೆ. ಬಾಣದ ಕೀಲಿಯಲ್ಲಿ ಪಟ್ಟಿಯಲ್ಲಿ ಇಳಿಯುವಾಗ ಮೊದಲ ಜಿಲ್ಲೆ ಬಾಗಲಕೋಟೆಗೇ ಲೋಡ್ ಆಗಿಬಿಡುವ ಸೈಟುಗಳೂ ಇವೆ. ಶಿವಮೊಗ್ಗ ತಲುಪುವುದು ಯಾವಾಗ? ಡೆವಲಪರಿಗೆ ಹೇಳಬೇಕಾದ್ದು ಇಷ್ಟು: ಪುಟ ಲೋಡ್ ಮಾಡದೆ ಮುಂದಿನ ಪಟ್ಟಿ ತುಂಬಿಸಿ, ಗಮನ (ಫೋಕಸ್) ಇದ್ದಲ್ಲೇ ಇರಲಿ.

ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ಮಾತ್ರ ಕೊಟ್ಟು ಟೈಪ್ ಮಾಡಲು ಬಿಡದಿರುವುದು ಇನ್ನೊಂದು ಕಾಟ. 1958ಕ್ಕೆ ಹೋಗಲು ತಿಂಗಳು ತಿಂಗಳಾಗಿ ಹಿಂದೆ ಒತ್ತುತ್ತಾ ಕೂತಿರುವ ಅಜ್ಜನನ್ನು ನೆನೆಸಿಕೊಳ್ಳಿ. ಟೈಪ್ ಮಾಡಲು ಬಿಡಿ, ಹೇಗೆ ಬರೆಯಬೇಕೆಂದು ಮೇಲೆ ಹೇಳಿ.

ತಪ್ಪಾದಾಗ ಖಾನೆ ಕೆಂಪಾದರೆ ನನಗೆ ಗೊತ್ತಾಗುವುದಿಲ್ಲ, ಬಣ್ಣಗುರುಡು ಇರುವವರಿಗೂ ಗೊತ್ತಾಗುವುದಿಲ್ಲ. 'ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು' ಎಂದು ಅಕ್ಷರದಲ್ಲಿ ಬರಲಿ, ಆ ಖಾನೆಗೇ ಕರೆದೊಯ್ಯಲಿ. ತುಂಬಿದ್ದೆಲ್ಲ ಅಳಿಸಿಹೋಗದಿರಲಿ.

ಈಗ ಕ್ಯಾಪ್ಚಾ. ಸೊಟ್ಟ ಅಕ್ಷರದ ಚಿತ್ರ ನೋಡಿ ಟೈಪ್ ಮಾಡಿ ಎನ್ನುತ್ತಾರೆ. ಕಣ್ಣಿಲ್ಲದವಳಿಗೆ ಅದು ಮುಚ್ಚಿದ ಬಾಗಿಲು. ದನಿಯ ಕ್ಯಾಪ್ಚಾ ಇಟ್ಟರೆ ನನಗೆ ಅರ್ಧ ಪರಿಹಾರ, ಕಿವಿಯೂ ಕೇಳಿಸದವರಿಗೆ ಅದೂ ಇಲ್ಲ. ಫೋನಿಗೆ ಒಟಿಪಿ ಕಳಿಸುತ್ತೀರಿ ಎಂದಾದರೆ ಕ್ಯಾಪ್ಚಾ ಯಾಕೆ ಬೇಕು ಎಂದು ಕಂಪನಿಯವರನ್ನು ಕೇಳಿ. ರೋಬೋಟನ್ನು ಜನರಿಗೆ ತೊಂದರೆ ಕೊಡದೆ ಹಿಂದಿನಿಂದಲೇ ಹಿಡಿಯುವ ಬೇರೆ ದಾರಿಗಳಿವೆ. ಒಟಿಪಿಯ ಸಮಯವನ್ನೂ ನೋಡಿ. ಸಂದೇಶ ತೆರೆದು, ಕೇಳಿಸಿಕೊಂಡು, ಮತ್ತೆ ಬ್ರೌಸರಿಗೆ ಬರಲು ನನಗೆ ಹೊತ್ತು ಬೇಕು. ಸಮಯ ಮುಗಿಯುತ್ತಿದೆ ಎಂದು ಮೊದಲೇ ಹೇಳಿ, ಹೆಚ್ಚಿಸಿಕೊಳ್ಳಲು ಅವಕಾಶ ಕೊಡಬೇಕು.

ಮುಖ ತೋರಿಸಿ ಕಣ್ಣು ಮಿಟುಕಿಸಿ ಎನ್ನುವ ಪರಿಶೀಲನೆ ಎಲ್ಲೆಲ್ಲೂ ಬರುತ್ತಿದೆ. ಆ್ಯಸಿಡ್ ದಾಳಿಗೆ ಒಳಗಾದವರು, ಕಣ್ಣು ಮಿಟುಕಿಸಲಾಗದವರು ಇದನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ತೀರ್ಪು ಬಂತು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿ, 20 ನಿರ್ದೇಶನ ಕೊಟ್ಟಿತು. ನಿಮ್ಮ ಅರ್ಜಿಯಲ್ಲಿ ಇಂಥ ಹಂತ ಇದ್ದರೆ ಬೇರೆ ದಾರಿಯೂ ಇರಲೇಬೇಕು. ಸಹಿಯ ಫೋಟೊ ಕೇಳುವ ಕಡೆ ಹೆಬ್ಬೆಟ್ಟಿಗೂ ಜಾಗವಿರಲಿ.

ಮಂತ್ರಿಗಳ ಫೋಟೊ, ಓಡುವ ಅಕ್ಷರ, ತೆಳ್ಳಗಿನ ಬಣ್ಣ

ಮುಖಪುಟದಲ್ಲಿ ಮುಖ್ಯಮಂತ್ರಿಗಳ, ಮಂತ್ರಿಗಳ ಫೋಟೊ ಇರುತ್ತದೆ. ಇರಲಿ. ಅದಕ್ಕೆ ಆಲ್ಟ್ ಪಠ್ಯದಲ್ಲಿ, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ಬರಹದಲ್ಲಿ, ಹೆಸರು, ಹುದ್ದೆ ಬರೆಯಿರಿ. ಈಗ ಬಹಳ ಕಡೆ ಕೇಳಿಸುವುದು 'ಐಎಂಜಿ ಅಂಡರ್‌ಸ್ಕೋರ್ 2043 ಡಾಟ್ ಜೆಪಿಜಿ'. ಬರೀ ಅಲಂಕಾರದ ಚಿತ್ರವಾದರೆ ಆಲ್ಟ್ ಖಾಲಿ ಬಿಡಿ, ಸ್ಕ್ರೀನ್ ರೀಡರ್ ದಾಟಿಕೊಂಡು ಹೋಗುತ್ತದೆ. ಪೋಸ್ಟರನ್ನೇ ಪ್ರಕಟಣೆ ಎಂದು ಹಾಕಿದ್ದರೆ ಅದರಲ್ಲಿರುವ ದಿನಾಂಕ, ಜಾಗ, ಕೊನೆಯ ದಿನ ಎಲ್ಲವನ್ನೂ ಕೆಳಗೆ ಪಠ್ಯವಾಗಿ ಕೊಡಿ.

ಬಲದಿಂದ ಎಡಕ್ಕೆ ಓಡುವ ಸುದ್ದಿಸಾಲು, ಮಿಣುಕುವ 'ಹೊಸತು' ಎಂಬ ಚಿತ್ರ, ಇವನ್ನು ತೆಗೆದರೆ ಯಾರೂ ಅಳುವುದಿಲ್ಲ. ಬೇಕೇ ಬೇಕು ಎಂದು ಮೇಲಿನವರು ಹಟ ಹಿಡಿದರೆ ನಿಲ್ಲಿಸುವ ಗುಂಡಿ ಇಡಿ.

ಬಣ್ಣದ ಲೆಕ್ಕ: ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಅಳೆಯಲು ಉಚಿತ ಸಾಧನಗಳಿವೆ. ಹಳದಿ ಮೇಲೆ ಬಿಳಿ, ತಿಳಿ ಬೂದು ಮೇಲೆ ಬೂದು ಬೇಡ. ಬ್ರೌಸರಿನಲ್ಲಿ 200 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಕನ್ನಡದಲ್ಲಿ ಇದನ್ನು ತಪ್ಪದೆ ಮಾಡಬೇಕು. ನಮ್ಮ ಲಿಪಿ ಮೇಲೂ ಕೆಳಗೂ ಚಾಚಿಕೊಳ್ಳುತ್ತದೆ. ಇಂಗ್ಲಿಷಿಗೆ ಅಳತೆ ಮಾಡಿದ ಗುಂಡಿಯಲ್ಲಿ 'ಸ್ತ್ರೀ', 'ಶಾಸ್ತ್ರ' ಇಂಥ ಪದಗಳ ಒತ್ತಕ್ಷರ ಕತ್ತರಿಸಿಹೋಗುತ್ತದೆ, ಸಾಲುಗಳು ಒಂದಕ್ಕೊಂದು ತಾಗುತ್ತವೆ. ಮಂದದೃಷ್ಟಿಯವರಿಗೆ ಆ ಒತ್ತು ಕಾಣದಿದ್ದರೆ ಪದವೇ ಬೇರೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಗುಂಡಿಗೆ ಎತ್ತರ ಕಟ್ಟಿಹಾಕಬೇಡಿ.

ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರವಿರುವ ಗುಂಡಿ ಕೂರಿಸಿ 'ನಮ್ಮ ಸೈಟು ಅಂಗವಿಕಲಸ್ನೇಹಿ' ಎನ್ನುವ ಕಂಪನಿಗಳು ಬರುತ್ತವೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಅದಷ್ಟೂ ನಮ್ಮ ಫೋನು, ಕಂಪ್ಯೂಟರಿನಲ್ಲಿ ಮೊದಲೇ ಇದೆ. ಲೇಬಲ್ ಇಲ್ಲದ ಖಾನೆಗೆ ಆ ಗುಂಡಿ ಏನು ಮಾಡೀತು? ಮೆಟ್ಟಿಲ ಪಕ್ಕದ ಗೋಡೆಗೆ ರ‍್ಯಾಂಪಿನ ಚಿತ್ರ ಬಿಡಿಸಿದ ಹಾಗೆ. ಇಂಥ ಗುಂಡಿ ಮಾರುತ್ತಿದ್ದ ಒಂದು ಕಂಪನಿ ಇಲ್ಲದ್ದನ್ನು ಹೇಳಿಕೊಂಡಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿದೆ.

ಕಿವಿ ಕೇಳಿಸದವರ ಮಾತು ಇನ್ನೂ ಬರಲೇ ಇಲ್ಲ ಅಲ್ವಾ? ಹೆಚ್ಚಿನ ಮಾರ್ಗದರ್ಶಿಗಳಲ್ಲೂ ಹೀಗೇ, ಅವರು ಕೊನೆಗೆ. ವಿಡಿಯೊ ಹಾಕಿದರೆ ಕನ್ನಡದಲ್ಲಿ ಕ್ಯಾಪ್ಷನ್ ಹಾಕಿ. ಯೂಟ್ಯೂಬ್ ತಾನಾಗಿ ಏನಾದರೂ ಕೊಟ್ಟರೂ ತಿದ್ದದೆ ಬಿಡಬೇಡಿ. ಮುಖ್ಯ ಯೋಜನೆಗಳ ವಿಡಿಯೊಗೆ ಸಂಜ್ಞೆ ಭಾಷೆಯ ಅನುವಾದಕರನ್ನು ಸೇರಿಸಿ. ಸಹಾಯವಾಣಿ ಎಂದು ಬರೀ ಫೋನ್ ನಂಬರು ಕೊಟ್ಟರೆ ಅವರು ಏನು ಮಾಡಬೇಕು? ಎಸ್‌ಎಂಎಸ್, ವಾಟ್ಸ್‌ಆ್ಯಪ್, ಇಮೇಲ್, ಯಾವುದಾದರೊಂದು ಬರವಣಿಗೆಯ ದಾರಿ ಇರಲಿ. ಅದಕ್ಕೆ ಉತ್ತರ ಕೊಡುವವರೂ ಇರಲಿ.

ಸಾಹೇಬರು ಕೇಳಿದರೆ ಹೇಳಲು

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಲೆಕ್ಕಕ್ಕೆ ಬಂದ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಒಪ್ಪಿಕೊಂಡಿದೆ, ಮಾಹಿತಿ ಎಲ್ಲರಿಗೂ ಸಿಗುವಂತಿರಬೇಕೆಂದು 42ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಮೀರಿದರೆ 89ನೇ ಸೆಕ್ಷನ್ ಪ್ರಕಾರ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ರಾಜೀವ್ ರಾತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಇಂಥ ನಿಯಮಗಳು ಬರೀ ಶಿಫಾರಸಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದಿತು. ಸರ್ಕಾರಿ ಸೈಟುಗಳಿಗೆಂದೇ ಇರುವ ಮಾರ್ಗಸೂಚಿ ಜಿಐಜಿಡಬ್ಲ್ಯು. 2009ರಲ್ಲಿ ಮೊದಲು ಬಂದದ್ದು, 2023ರಲ್ಲಿ ಮೂರನೇ ಆವೃತ್ತಿ. ಅದು ಕೇಳುವುದು ವೆಬ್ ಎಲ್ಲರಿಗೂ ದಕ್ಕಲೆಂದು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1ರ ಎಎ ಮಟ್ಟ, ಮೂರು ಮಟ್ಟಗಳಲ್ಲಿ ನಡುವಿನದು. ಇದೇ ವಿಷಯಕ್ಕೆ ಭಾರತೀಯ ಮಾನಕ ಐಎಸ್ 17802 ಕೂಡ ಇದೆ.

ಟೆಂಡರಿನಲ್ಲಿ 'ಜಿಐಜಿಡಬ್ಲ್ಯು ಪಾಲಿಸತಕ್ಕದ್ದು' ಎಂಬ ಒಂದು ಸಾಲು ಇದ್ದೇ ಇರುತ್ತದೆ. ಅದರಿಂದ ಏನೂ ಆಗುವುದಿಲ್ಲ. ಹೀಗೆ ಬರೆಯಿಸಿ: ಇಂತಿಂಥ ಐದು ಸೇವೆಗಳನ್ನು ಬರೀ ಕೀಬೋರ್ಡಿನಲ್ಲಿ, ಎನ್‌ವಿಡಿಎ ಜೊತೆ ಕನ್ನಡದಲ್ಲಿ, ಫೋನಿನಲ್ಲಿ ಟಾಕ್‌ಬ್ಯಾಕ್ ಜೊತೆ, ಮೊದಲಿಂದ ಕೊನೆವರೆಗೆ ಮುಗಿಸಿ ತೋರಿಸಬೇಕು. ತೋರಿಸದೆ ಕೊನೆಯ ಕಂತಿನ ಬಿಲ್ ಪಾಸಾಗಬಾರದು. ಹೊಸ ಬದಲಾವಣೆ ಮಾಡಿದಾಗಲೂ ಇದೇ. ಸೈಟನ್ನು ತಾನಾಗಿ ಪರೀಕ್ಷಿಸುವ ಲೈಟ್‌ಹೌಸ್ ಎಂಬ ಸಾಧನದಲ್ಲಿ 100 ಅಂಕ ಬಂದಿದೆ ಎಂದು ಕಂಪನಿಯವರು ಸ್ಕ್ರೀನ್‌ಶಾಟ್ ಕಳಿಸಬಹುದು. ಅಂಥ ಸಾಧನ ಆಲ್ಟ್ ಇದೆಯಾ ಎಂದು ನೋಡುತ್ತದೆ. ಆಲ್ಟಿನಲ್ಲಿ ಬರೆದದ್ದು ಸರಿಯಾ ಎಂದು ಅದಕ್ಕೆ ಗೊತ್ತಿಲ್ಲ.

ಪರೀಕ್ಷೆಗೆ ಜನ ಎಲ್ಲಿ ಸಿಗುತ್ತಾರೆ ಎಂದು ಕೇಳುವವರಿಗೆ: ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹಳಷ್ಟು ಜನ ಸ್ವತಃ ಅಂಗವಿಕಲರು. ಊರಿನವರ ಅರ್ಜಿ ತುಂಬಿಕೊಡುವುದರಲ್ಲಿ ಕೈ ಪಳಗಿದವರು. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಕರೆಸಿ, ಪಕ್ಕದಲ್ಲಿ ಕೂತು ನೋಡಿ, ಬಾಯಿ ಹಾಕಬೇಡಿ. 'ಅಲ್ಲಿ ಒತ್ತಿ ಸಾರ್' ಎಂದು ನೀವು ಹೇಳಿಕೊಡಬೇಕಾದ ಜಾಗವೇ ಸರಿಮಾಡಬೇಕಾದ ಜಾಗ. ಬಂದುಹೋಗುವ ಖರ್ಚು, ಅರ್ಧ ದಿನದ ಗೌರವಧನ ಕೊಡಿ. ಟೀ ಕೊಟ್ಟು ಕಳಿಸುವುದಲ್ಲ.

ಕೊನೆಗೆ ಸೈಟಿನಲ್ಲಿ ಒಂದು ಪುಟ ಇಡಿ. ಏನು ಸರಿಯಾಗಿದೆ, ಏನು ಇನ್ನೂ ಆಗಿಲ್ಲ, ತೊಂದರೆಯಾದರೆ ಯಾರಿಗೆ ಬರೆಯಬೇಕು. ಆಗದ್ದನ್ನು ಮುಚ್ಚಿಡಬೇಡಿ, 2019ಕ್ಕಿಂತ ಹಿಂದಿನ ಸುತ್ತೋಲೆಗಳು ಸ್ಕ್ಯಾನ್ ಪ್ರತಿಗಳೇ ಎಂದಾದರೆ ಹಾಗೆಂದೇ ಹೇಳಿ, ಕೇಳಿದವರಿಗೆ ಎಷ್ಟು ದಿನದಲ್ಲಿ ಪಠ್ಯ ಕೊಡುತ್ತೀರಿ ಎಂದು ಬರೆಯಿರಿ. ಇಮೇಲ್ ವಿಳಾಸ ಚಿತ್ರವಾಗಿರದೆ ಅಕ್ಷರದಲ್ಲಿರಲಿ. ವಿಳಾಸ ವ್ಯಕ್ತಿಯ ಹೆಸರಿನಲ್ಲಿ ಬೇಡ, ಹುದ್ದೆಯ ಹೆಸರಿನಲ್ಲಿರಲಿ, ಮೇ ತಿಂಗಳು ಬಂದರೆ ವರ್ಗಾವಣೆ ಶುರುವಾಗುತ್ತದೆ. ಬಾಕಿ ಉಳಿದ ಪುಟಗಳ ಪಟ್ಟಿ, ಡೆವಲಪರಿನ ನಂಬರು, ಪರೀಕ್ಷೆಗೆ ಬಂದವರ ನಂಬರು, ಟೆಂಡರಿನ ಪ್ರತಿ, ಇಷ್ಟನ್ನೂ ಕೆಲಸ ವಹಿಸಿಕೊಡುವಾಗಿನ ಚಾರ್ಜ್ ಪಟ್ಟಿಗೆ ಸೇರಿಸಿ ಮುಂದಿನವರಿಂದ ಸಹಿ ಹಾಕಿಸಿಕೊಳ್ಳಿ.